ಅಪಘಾತದಲ್ಲಿ ದೃಷ್ಟಿ ಹೋದ ಗೆಳೆಯ ಮುಂದಿನ ವಾರ ಮನೆಗೆ ಬರುತ್ತಾನೆ, ನಾನು ಏನೇನು ಮಾಡಬೇಕು?

ನಿಮ್ಮ ಪ್ರಶ್ನೆಯಿಂದ ನನಗೆ ಗೊತ್ತಾಗಿದ್ದು ಇಷ್ಟು. ಗೆಳೆಯನಿಗೆ 29 ವರ್ಷ, ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ). ಬೈಕ್ ಅಪಘಾತದಲ್ಲಿ ಬಲಗಣ್ಣು ಒಡೆದುಹೋಗಿ ತೆಗೆಯಬೇಕಾಯಿತು. ಎಡಗಣ್ಣಿನ ನರಕ್ಕೆ ಪೆಟ್ಟು ಬಿದ್ದು ಬೆಳಕು ಇದೆಯೋ ಇಲ್ಲವೋ ಎನ್ನುವುದಷ್ಟೇ ತಿಳಿಯುತ್ತದೆ. ಮುಂದಿನ ವಾರ ಡಿಸ್ಚಾರ್ಜ್. ಮನೆಯವರು ಕೆಲಸಕ್ಕೆ ರಾಜೀನಾಮೆ ಕೊಡಿಸುವ ಮಾತಾಡುತ್ತಿದ್ದಾರೆ. ಈ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಉಳಿದ ತಪ್ಪುಗಳನ್ನು ಆಮೇಲೆ ತಿದ್ದಿಕೊಳ್ಳಬಹುದು, ಇದನ್ನು ತಿದ್ದಿಕೊಳ್ಳುವುದು ಬಹಳ ಕಷ್ಟ.

ರಾಜೀನಾಮೆಗೆ ಸಹಿ ಹಾಕಿಸಬೇಡಿ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 20(4)ನೇ ಕಲಂ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ನೌಕರನನ್ನು ಯಾವ ಸರ್ಕಾರಿ ಸಂಸ್ಥೆಯೂ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಈಗಿನ ಹುದ್ದೆಗೆ ಆಗದಿದ್ದರೆ ಅದೇ ವೇತನ, ಅದೇ ಸೌಲಭ್ಯಗಳಿರುವ ಬೇರೆ ಹುದ್ದೆ ಕೊಡಬೇಕು. ಹುದ್ದೆ ಖಾಲಿ ಇಲ್ಲವೆಂದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ತಾನಾಗಿಯೇ ರಾಜೀನಾಮೆ ಬರೆದುಕೊಟ್ಟರೆ ಈ ರಕ್ಷಣೆ ಕೈಬಿಟ್ಟಂತೆ. ಸದ್ಯಕ್ಕೆ ವೈದ್ಯಕೀಯ ರಜೆಯ ಅರ್ಜಿ ಸಾಕು. ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಲಗತ್ತಿಸಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ.

ಅಪಘಾತ ಪರಿಹಾರದ ಅರ್ಜಿಗೂ ಗಡುವಿದೆ. 2022ರ ಏಪ್ರಿಲ್‌ನಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಅಪಘಾತ ನಡೆದ ಆರು ತಿಂಗಳೊಳಗೆ ಎಂದು ಸೇರಿಸಿದ್ದಾರೆ. ಎಫ್‌ಐಆರ್ ಪ್ರತಿ, ಆಸ್ಪತ್ರೆ ಕೊಟ್ಟ ಗಾಯದ ಪ್ರಮಾಣಪತ್ರ, ಎಲ್ಲ ಬಿಲ್ಲು, ಸ್ಕ್ಯಾನ್‌ಗಳನ್ನು ಒಂದೇ ಫೈಲಿನಲ್ಲಿಟ್ಟು ಈಗಲೇ ವಕೀಲರನ್ನು ಕಾಣಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಚೆನ್ನಾಗಿರುವ ಕಣ್ಣಿನಲ್ಲೂ ಕನ್ನಡಕ ಹಾಕಿದ ಮೇಲೆ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಕಾಯ್ದೆ ಅದನ್ನು ಅಂಧತ್ವ ಎನ್ನುತ್ತದೆ, ನಿಮ್ಮ ಗೆಳೆಯ ಅದರೊಳಗೆ ಬರುತ್ತಾರೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲೂಕಿನಲ್ಲಿ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರು ಇದನ್ನು ಮಾಡಿಸಿಕೊಡುತ್ತಾರೆ. ಅಂಧರಿಗೆ ಸಿಗುವ ಉಚಿತ ಬಸ್ ಪಾಸಿಗೂ ಈ ಕಾರ್ಡೇ ಆಧಾರ.

ಡಿಸ್ಚಾರ್ಜ್ ದಿನ ವೈದ್ಯರ ಹತ್ತಿರ ಕೆಲವು ವಿಷಯ ಕೇಳಿ ಬರೆದುಕೊಳ್ಳಿ. ಚೀಟಿಯಲ್ಲಿ ಪಿಎಲ್ ಎಂದಿದ್ದರೆ ಬೆಳಕಿನ ಅರಿವಿದೆ ಎಂದರ್ಥ, ಎನ್‌ಪಿಎಲ್ ಎಂದರೆ ಅದೂ ಇಲ್ಲ. ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಹೇಳಬಲ್ಲರೇ ಎಂಬುದನ್ನೂ ಪರೀಕ್ಷಿಸಿರುತ್ತಾರೆ. ದಿಕ್ಕು ತಿಳಿದರೆ ಕಿಟಕಿ, ಬಾಗಿಲು, ಬಚ್ಚಲ ಬಲ್ಬು ಇವೆಲ್ಲ ಮನೆಯೊಳಗೆ ಗುರುತುಗಳಾಗುತ್ತವೆ. ಬಚ್ಚಲಿನ ದೀಪವನ್ನು ರಾತ್ರಿಯೂ ಉರಿಯಲು ಬಿಡಿ.

"ಯಾರದಾದರೂ ಕಣ್ಣು ಹಾಕಿಸೋಣ" ಎಂದು ನೆಂಟರು ಹೇಳಿಯೇ ಹೇಳುತ್ತಾರೆ. ನೇತ್ರದಾನದಿಂದ ಬದಲಾಯಿಸುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ಮಾತ್ರ. ನರ ಸತ್ತಿದ್ದರೆ ಅದರಿಂದ ಪ್ರಯೋಜನವಿಲ್ಲ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಒಬ್ಬರಿಗೆ ಇಡೀ ಕಣ್ಣನ್ನೇ ಕಸಿ ಮಾಡಿದರು. ಕಣ್ಣು ಉಳಿಯಿತು, ದೃಷ್ಟಿ ಬರಲಿಲ್ಲ. ಎರಡನೇ ಅಭಿಪ್ರಾಯ ಬೇಕೆನಿಸಿದರೆ ದೊಡ್ಡ ಕಣ್ಣಾಸ್ಪತ್ರೆಯ ನರ ವಿಭಾಗದಲ್ಲಿ ಒಮ್ಮೆ ತೆಗೆದುಕೊಳ್ಳಿ, ತಪ್ಪೇನಿಲ್ಲ. ಆದರೆ ಸ್ಟೆಮ್ ಸೆಲ್ ಇಂಜೆಕ್ಷನ್, ಗಿಡಮೂಲಿಕೆ ಹನಿ ಎಂದು ಜಮೀನು ಅಡವಿಟ್ಟು ಓಡಾಡುವುದನ್ನು ತಡೆಯಿರಿ. ಗೆಳೆಯರಾಗಿ ಈ ಮಾತು ಹೇಳುವ ಕಷ್ಟ ನಿಮ್ಮ ಪಾಲಿಗೇ ಬರುತ್ತದೆ.

ಉಳಿದ ಎಡಗಣ್ಣನ್ನು ಕಾಯಬೇಕು. ಒಂದು ಕಣ್ಣು ಒಡೆದಾಗ ದೇಹದ ರೋಗನಿರೋಧಕ ವ್ಯವಸ್ಥೆ ಇನ್ನೊಂದು ಕಣ್ಣಿನ ಮೇಲೂ ತಿರುಗಿಬೀಳುವುದುಂಟು. ಅಪರೂಪ, ಆದರೆ ಗಾಯವಾದ ಎರಡು ವಾರದಿಂದ ಹಿಡಿದು ತಿಂಗಳುಗಳ ನಂತರವೂ, ಒಮ್ಮೊಮ್ಮೆ ವರ್ಷಗಳ ನಂತರವೂ ಬರಬಹುದು. ಅಂಧರ ಬ್ರೈಲ್ ಲಿಪಿ ರೂಪಿಸಿದ ಲೂಯಿ ಬ್ರೈಲ್ ಮೂರನೇ ವಯಸ್ಸಿನಲ್ಲಿ ಚರ್ಮ ಹೊಲಿಯುವ ದಬ್ಬಳ ಚುಚ್ಚಿಕೊಂಡದ್ದು ಒಂದು ಕಣ್ಣಿಗೆ, ವಯಸ್ಸು ಐದಾಗುವಷ್ಟರಲ್ಲಿ ಎರಡೂ ಹೋಗಿದ್ದವು. ಎಡಗಣ್ಣು ಕೆಂಪಾದರೆ, ನೋವು ಬಂದರೆ, ಬೆಳಕು ಚುಚ್ಚಿದರೆ ಅಂದೇ ಆಸ್ಪತ್ರೆಗೆ ಹೋಗಿ. ಆ ಒಂದಿಷ್ಟು ಬೆಳಕೂ ಬೆಲೆಯುಳ್ಳದ್ದು. ಬಲಗಡೆಗೆ ಕೃತಕ ಕಣ್ಣು ಕೂರಿಸುವುದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾದ ಆರರಿಂದ ಎಂಟು ವಾರಕ್ಕೆ. ಅಲ್ಲಿಯವರೆಗೆ ರೆಪ್ಪೆಯೊಳಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಚಿಪ್ಪು ಇರುತ್ತದೆ. ಅದು ಜಾರಿ ಬಿದ್ದರೆ ಗಾಬರಿ ಬೇಡ, ಎಸೆಯಬೇಡಿ, ತೊಳೆದಿಟ್ಟುಕೊಂಡು ಆಸ್ಪತ್ರೆಗೆ ಫೋನ್ ಮಾಡಿ.

ಹೆಚ್ಚಿನವರು ಗಮನಿಸದ ಒಂದು ವಿಷಯ: ತಲೆಗೆ ಪೆಟ್ಟು ಬಿದ್ದವರಲ್ಲಿ ವಾಸನೆ ತಿಳಿಯದಂತಾಗುವುದುಂಟು. ಕಣ್ಣಿಲ್ಲದವರಿಗೆ ಗ್ಯಾಸ್ ಸೋರಿದ್ದು, ಹಾಲು ಕೆಟ್ಟಿದ್ದು ತಿಳಿಯುವುದು ಮೂಗಿನಿಂದಲೇ. ಕಾಫಿಪುಡಿ, ಊದುಬತ್ತಿ ಹಿಡಿದು ಕೇಳಿ ನೋಡಿ. ಗೊತ್ತಾಗದಿದ್ದರೆ ವೈದ್ಯರಿಗೆ ಹೇಳಿ, ಅಡುಗೆಮನೆಗೆ ಗ್ಯಾಸ್ ಸೋರಿಕೆಯ ಅಲಾರಂ ಹಾಕಿಸಿ. ಕಿವಿಯ ಪರೀಕ್ಷೆಯೂ ಆಗಲಿ.

ಇನ್ನೊಂದು ವಿಷಯವನ್ನು ಗೆಳೆಯನಿಗೂ ಮನೆಯವರಿಗೂ ಮೊದಲೇ ತಿಳಿಸಿಬಿಡಿ. ದೃಷ್ಟಿ ಹೋದ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ: ಬಣ್ಣದ ಜಾಲರಿ, ಮುಖಗಳು, ಪುಟ್ಟ ಮನುಷ್ಯರು. ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ಮಿದುಳು ತಾನೇ ಚಿತ್ರ ಕಟ್ಟುತ್ತದೆ. 1760ರಲ್ಲಿ ಶಾರ್ಲ್ ಬೊನೆ ಎಂಬ ವಿಜ್ಞಾನಿ ತನ್ನ ಅಜ್ಜನಿಗೆ ಹೀಗಾಗುವುದನ್ನು ದಾಖಲಿಸಿದ, ಅವನ ಹೆಸರೇ ಇದಕ್ಕೆ ಉಳಿದಿದೆ. ಇದು ಹುಚ್ಚಲ್ಲ, ಗಾಳಿಯೂ ಅಲ್ಲ, ಯಂತ್ರ ಕಟ್ಟಿಸಬೇಕಿಲ್ಲ. ಹೇಳಿಕೊಂಡರೆ ಏನೆಂದುಕೊಳ್ಳುತ್ತಾರೋ ಎಂದು ಒಳಗೇ ಬೇಯುವವರು ಬಹಳ. ಆದರೆ ಕಾಣುವುದರ ಜೊತೆ ಧ್ವನಿಯೂ ಕೇಳಿಸುತ್ತಿದ್ದರೆ, ಅದು ನಿಜವೆಂದೇ ನಂಬತೊಡಗಿದರೆ ವೈದ್ಯರಿಗೆ ತೋರಿಸಬೇಕು.

ಮನೆಗೆ ಬರುವ ಮುನ್ನ ನೀವು ಕಣ್ಣು ಮುಚ್ಚಿಕೊಂಡು ಮಂಚದಿಂದ ಬಚ್ಚಲಿಗೆ ಒಮ್ಮೆ ನಡೆದು ನೋಡಿ. ಹೊಸಿಲಿನ ಬಳಿ ಬಿಟ್ಟ ಚಪ್ಪಲಿ, ನಡುಮನೆಯ ಟೀಪಾಯಿ, ಅರ್ಧ ತೆರೆದ ಬಾಗಿಲು ಎದುರಾಗುತ್ತವೆ. ಮೂರನೆಯದು ಎಲ್ಲಕ್ಕಿಂತ ಅಪಾಯ. ಚಾಚಿದ ಎರಡು ಕೈಗಳ ನಡುವೆ ಬಾಗಿಲಿನ ಅಂಚು ನುಗ್ಗಿ ನೇರ ಮುಖಕ್ಕೆ ಹೊಡೆಯುತ್ತದೆ. ಬಾಗಿಲು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಪ್ರತಿ ವಸ್ತುವಿಗೂ ಒಂದು ಜಾಗ ಎಂದು ಗೊತ್ತು ಮಾಡುವಾಗ ಗೆಳೆಯನೇ ಹೇಳಲಿ, ಅವರ ಕೈಯಿಂದಲೇ ಇಡಿಸಿ. ನೀವು ಜೋಡಿಸಿಟ್ಟದ್ದು ನಿಮಗೆ ನೆನಪಿರುತ್ತದೆ, ಅವರಿಗಲ್ಲ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಕಣ್ಣಿನ ಹನಿಯ ಸೀಸೆಗಳು ಮುಟ್ಟಿದರೆ ಒಂದೇ ಥರ ಇರುತ್ತವೆ. ಒಂದಕ್ಕೆ ಒಂದು ರಬ್ಬರ್ ಬ್ಯಾಂಡ್, ಇನ್ನೊಂದಕ್ಕೆ ಎರಡು ಸುತ್ತಿ. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಬೇಕು, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಕರೆದುಕೊಂಡು ಹೋಗುವಾಗ ಅವರ ತೋಳು ಹಿಡಿದು ಎಳೆಯಬೇಡಿ, ಹಿಂದಿನಿಂದ ತಳ್ಳಬೇಡಿ. ನಿಮ್ಮ ಮೊಣಕೈಯ ಸ್ವಲ್ಪ ಮೇಲೆ ಅವರು ಹಿಡಿದುಕೊಳ್ಳಲಿ, ಅರ್ಧ ಹೆಜ್ಜೆ ಹಿಂದೆ ಬರಲಿ. ನಿಮ್ಮ ಮೈ ಏರಿದ್ದು, ಇಳಿದದ್ದು, ತಿರುಗಿದ್ದು ಕೈಗೆ ಮೊದಲೇ ತಿಳಿಯುತ್ತದೆ. ಇಕ್ಕಟ್ಟಾದ ಜಾಗದಲ್ಲಿ ನಿಮ್ಮ ಕೈಯನ್ನು ಬೆನ್ನ ಹಿಂದೆ ತನ್ನಿ, ಅವರು ನೇರ ಹಿಂದಕ್ಕೆ ಸರಿಯುತ್ತಾರೆ. ಮೆಟ್ಟಿಲು ಬಂದಾಗ ನಿಂತು "ಹತ್ತೋದು" ಅಥವಾ "ಇಳಿಯೋದು" ಎನ್ನಿ, ಕೊನೆಯ ಮೆಟ್ಟಿಲಿನಲ್ಲಿ "ಮುಗೀತು" ಎನ್ನಿ. ಕುರ್ಚಿಗೆ ದೂಡಿ ಕೂರಿಸಬೇಡಿ, ಅವರ ಕೈಯನ್ನು ಕುರ್ಚಿಯ ಬೆನ್ನಿನ ಮೇಲಿಟ್ಟರೆ ಉಳಿದದ್ದು ಅವರದೇ. "ಅಲ್ಲಿದೆ ನೋಡು" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. "ನಿನ್ನ ಬಲಗೈ ಪಕ್ಕ, ಒಂದು ಗೇಣು ಆಚೆ" ಎಂದರೆ ತಿಳಿಯುತ್ತದೆ. "ನೋಡು" ಎಂಬ ಪದ ಬಿಡಬೇಕಿಲ್ಲ; ಬಿಟ್ಟರೆ ಮಾತೇ ಬಿಗಿಯಾಗುತ್ತದೆ. ಬಂದಾಗ "ನಾನು ಕಣೋ" ಎಂದು ಹೆಸರು ಹೇಳಿ. ಹೊರಡುವಾಗ "ಹೊರಟೆ" ಎನ್ನಿ, ಖಾಲಿ ಕೋಣೆಯೊಂದಿಗೆ ಮಾತಾಡಿದ ಅವಮಾನ ಅವರಿಗಾಗಬಾರದು. ನಾನ್ಯಾರು ಹೇಳು ಎಂದು ಪರೀಕ್ಷೆ ಮಾಡುವ ನೆಂಟರನ್ನು ಮೆಲ್ಲಗೆ ತಡೆಯಿರಿ.

ಊಟಕ್ಕೆ ಅಂಚಿರುವ ತಟ್ಟೆ ಕೊಡಿ. ಗಡಿಯಾರದ ಲೆಕ್ಕದಲ್ಲಿ ಹೇಳಿ: ಆರು ಗಂಟೆಗೆ ಮುದ್ದೆ, ಹನ್ನೆರಡಕ್ಕೆ ಪಲ್ಯ, ಮೂರಕ್ಕೆ ಸಾರಿನ ಬಟ್ಟಲು. ಬಾಳೆಲೆ ಇನ್ನೂ ಸುಲಭ, ಉಪ್ಪಿಗೊಂದು ಜಾಗ, ಕೋಸಂಬರಿಗೊಂದು ಜಾಗ ಎಂದು ಮನೆಯ ಬಡಿಸುವ ಕ್ರಮ ಅವರ ಕೈಗೆ ಆಗಲೇ ಗೊತ್ತಿರುತ್ತದೆ. ತುತ್ತು ಮಾಡಿ ಬಾಯಿಗಿಡುವ ತಾಯಿಯನ್ನು ತಡೆಯುವುದು ಕಷ್ಟವೇ. ಆದರೂ ಒಂದು ಹೊತ್ತಾದರೂ ಅವರೇ ಕಲಸಿಕೊಂಡು ಉಣ್ಣಲಿ, ಚೆಲ್ಲಿದರೆ ಚೆಲ್ಲಲಿ. ಲೋಟಕ್ಕೆ ಬಗ್ಗಿಸುವುದನ್ನು ತಣ್ಣೀರಿನಿಂದ ಕಲಿಯಬೇಕು. ಬೆರಳ ತುದಿಯನ್ನು ಲೋಟದ ಅಂಚಿನ ಒಳಗಿಟ್ಟು, ನೀರು ತಾಗಿದಾಗ ನಿಲ್ಲಿಸುವುದು.

ಫೋನಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಆಂಡ್ರಾಯ್ಡ್ ಫೋನಿನ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ ಕೈಗೆ ಕೊಟ್ಟುಬಿಡುವುದು. ಅದು ಬಂದ ಕೂಡಲೇ ಮುಟ್ಟುವ ರೀತಿಯೇ ಬದಲಾಗುತ್ತದೆ: ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ. ಮೊದಲು ನಿಮ್ಮ ಫೋನಿನಲ್ಲಿ ಎರಡು ದಿನ ಅಭ್ಯಾಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಶಾರ್ಟ್‌ಕಟ್ ಹಾಕಿಟ್ಟರೆ ಎರಡೂ ವಾಲ್ಯೂಮ್ ಗುಂಡಿಗಳನ್ನು ಮೂರು ಸೆಕೆಂಡ್ ಒತ್ತಿ ಆನ್, ಆಫ್ ಮಾಡಬಹುದು. ಅವರಿಗೆ ಮೊದಲ ಪಾಠ ಕರೆ ಸ್ವೀಕರಿಸುವುದು, ಹೊಸ ಫೋನ್‌ಗಳಲ್ಲಿ ಎರಡು ಬೆರಳಿನಿಂದ ಎರಡು ಸಲ ತಟ್ಟಿದರಾಯಿತು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಪ್ಯಾಟರ್ನ್ ಲಾಕ್ ತೆಗೆದು ಬೆರಳಚ್ಚು ಹಾಕಿ. ಯುಪಿಐ ಪಿನ್ ಅವರೊಬ್ಬರಿಗೇ ಗೊತ್ತಿರಲಿ, ನಿಮಗೂ ಬೇಡ. ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. 100, 200, 500ರ ನೋಟುಗಳ ಉದ್ದ 142, 146, 150 ಮಿಲಿಮೀಟರ್. ನಾಲ್ಕು ಮಿಲಿಮೀಟರ್ ವ್ಯತ್ಯಾಸ ಹೊಸ ಬೆರಳಿಗೆ ಸಿಗುವುದಿಲ್ಲ. ಹಾಗಾಗಿ 100 ಮಡಚದೆ, 200 ಅಡ್ಡ ಮಡಚಿ, 500 ಉದ್ದಕ್ಕೆ ಮಡಚಿ ಇಡುವ ರೂಢಿ ಒಳ್ಳೆಯದು.

ಕಚೇರಿ ಕೆಲಸಕ್ಕೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನ ಪರದೆಯನ್ನು ಓದುತ್ತದೆ, ಕನ್ನಡವನ್ನೂ ಓದುತ್ತದೆ. ತೊಡಕು ಒಂದೇ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿರುತ್ತದೆ, ಕೇಳಿದರೆ ತಲೆಬುಡ ತಿಳಿಯುವುದಿಲ್ಲ. ಕಡತ ಯೂನಿಕೋಡ್‌ನಲ್ಲಿರಬೇಕು, ಅದರಲ್ಲಿ ಕನ್ನಡ ಅಕ್ಷರ ಕಂಪ್ಯೂಟರಿಗೂ ಕನ್ನಡ ಅಕ್ಷರವೇ. ತಂತ್ರಾಂಶ ಕೆಲಸ ಮಾಡುವುದಿಲ್ಲವೆಂದು ಕಚೇರಿಯವರು ಹೇಳಿದರೆ ಮೊದಲು ಇದನ್ನೇ ಪರೀಕ್ಷಿಸಿ. ಕಂಪ್ಯೂಟರ್, ಬ್ರೈಲ್, ಓಡಾಟದ ತರಬೇತಿಗೆ ಬೆಂಗಳೂರಿನ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾ, ಸಮರ್ಥನಂ ಸಂಸ್ಥೆಗಳಲ್ಲಿ ವಿಚಾರಿಸಿ.

ಬಿಳಿ ಕೋಲು ನೆಲದಿಂದ ಎದೆಮೂಳೆಯ ತುದಿಯವರೆಗೆ ಬರುವಷ್ಟಾದರೂ ಉದ್ದವಿರಬೇಕು. ಗಿಡ್ಡ ಕೋಲು ಕೊಂಡರೆ ಗುಂಡಿ ತಿಳಿಯುವಷ್ಟರಲ್ಲಿ ಕಾಲು ಅದರಲ್ಲಿರುತ್ತದೆ. ಎಡಗಾಲು ಮುಂದಿಡುವಾಗ ಕೋಲು ಬಲಕ್ಕೆ, ಬಲಗಾಲಿಗೆ ಎಡಕ್ಕೆ, ಭುಜಕ್ಕಿಂತ ತುಸು ಅಗಲವಾಗಿ ಬೀಸಬೇಕು. ಕೋಲಿಗೆ ಸೊಂಟದ ಮೇಲಿನದ್ದು ಸಿಗುವುದಿಲ್ಲ. ನಿಂತ ಲಾರಿಯ ಹಿಂಭಾಗ, ಹೊರಗೆ ತೆರೆದ ಕಿಟಕಿ, ತಗ್ಗಿದ ಕೊಂಬೆ ಮುಖಕ್ಕೇ ಬಡಿಯುತ್ತವೆ. ಹಾಗಾಗಿ ಗಾಯ ಮಾಯ್ದ ಮೇಲೂ ಹೊರಗೆ ಹೋಗುವಾಗ ಗಟ್ಟಿ ಪ್ಲಾಸ್ಟಿಕ್ ಕನ್ನಡಕ ಇರಲಿ. ರಸ್ತೆ ದಾಟುವುದನ್ನು ಮಾತ್ರ ನೀವು ಕಲಿಸಬೇಡಿ, ತರಬೇತಾದವರೇ ಕಲಿಸಲಿ.

ಮನಸ್ಸಿನ ಮಾತು. ಧೈರ್ಯ ಹೇಳಲು ಹೋಗಬೇಡಿ, ಅತ್ತರೆ ಅಳಲಿ. ಆದರೆ ನಾನಿದ್ದು ಏನು ಪ್ರಯೋಜನ ಎಂಬ ಮಾತು ಬಂದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರೇ ಇರಲು ಬಿಡಬೇಡಿ, ಮಾತ್ರೆಗಳನ್ನು ಬೇರೆ ಕಡೆ ಇಡಿ, ಮನೋವೈದ್ಯರನ್ನು ಕಾಣಿಸಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು.

ಮೊದಲ ತಿಂಗಳು ಮನೆ ತುಂಬ ಜನ ಇರುತ್ತಾರೆ. ಮೂರನೇ ತಿಂಗಳಿಗೆ ಬರುವವರು ನಿಲ್ಲುತ್ತಾರೆ, ಆಗಲೇ ತರಬೇತಿ, ಕಚೇರಿ, ಕೃತಕ ಕಣ್ಣು ಎಲ್ಲ ಒಟ್ಟಿಗೆ ಬರುತ್ತವೆ. ನಿಮ್ಮ ರಜೆ, ನಿಮ್ಮ ಶಕ್ತಿಯನ್ನು ಆ ಹೊತ್ತಿಗೆ ಉಳಿಸಿಕೊಳ್ಳಿ. ವಾರಕ್ಕೊಂದು ದಿನ, ಒಂದು ಗಂಟೆ ಗೊತ್ತು ಮಾಡಿ. ಗುರುವಾರ ಸಂಜೆ ಆರಕ್ಕೆ ಎಂದರೆ ಆರಕ್ಕೇ ಹೋಗಿ, ಆಗದಿದ್ದರೆ ಐದೂವರೆಗೇ ಫೋನ್ ಮಾಡಿ ತಿಳಿಸಿ.