ನಿಮ್ಮ ಲೇಖನದಲ್ಲಿ ಕಷ್ಟವೇ ಕಾಣಲಿಲ್ಲ

ನಮಸ್ಕಾರ.

ರಿಚರ್ಡ್ ಹೆಂಡರ್ಸನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಜೀವಕೋಶದ ಪೊರೆಯಲ್ಲಿ ಕೂತ ಪ್ರೋಟೀನಿನ ಆಕಾರವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ ಕಂಡುಹಿಡಿದವರ ಕಥೆ ಕನ್ನಡದಲ್ಲಿ ಬರಲಿ ಅಂತ ನನಗೂ ಆಸೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ನೀವು ಮತ್ತೆ ಬರೆಯಬೇಕು ಅನ್ನುವ ಕಾರಣಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ಪ್ರಶಸ್ತಿಗೇ ಹೋಗಿದೆ. 2017ರ ರಸಾಯನಶಾಸ್ತ್ರದ ನೊಬೆಲ್, ಅದನ್ನು ಹಂಚಿಕೊಂಡ ಜಾಕ್ ಡುಬೊಶೆ ಮತ್ತು ಯೋಆಕಿಮ್ ಫ್ರಾಂಕ್, ಆಮೇಲೆ ‘ಮಹಾನ್’, ‘ಅಸಾಧಾರಣ’, ‘ಕ್ರಾಂತಿಕಾರಿ’. ಇಷ್ಟೆಲ್ಲ ಹೊಗಳಿದ ಮೇಲೂ ಹೆಂಡರ್ಸನ್ ಮಾಡಿದ್ದೇನು ಅಂತ ನನಗೆ ತಿಳಿಯಲಿಲ್ಲ. 1975ರಲ್ಲಿ ಪ್ರೋಟೀನಿನ ಮೊದಲ ನಕ್ಷೆ, 1990ರಲ್ಲಿ ಅದರ ಪೂರ್ತಿ ಮಾದರಿ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಡುವೆ 15 ವರ್ಷ ಇದೆ ಅಲ್ವಾ? ಅಷ್ಟು ಕಾಲ ಏನು ಅಡ್ಡ ಬಂದಿತ್ತು? ನಿಮ್ಮ ಲೇಖನ ಇರುವುದು ಅಲ್ಲೇ.

ಮೂರನೇ ಪುಟಕ್ಕೆ ಬರೋಣ. ‘ಎಲೆಕ್ಟ್ರಾನ್ ಕಿರಣ ಟಾರ್ಚಿನ ಹಾಗೆ ಪ್ರೋಟೀನಿನ ಮೇಲೆ ಬೆಳಕು ಚೆಲ್ಲುತ್ತದೆ’ ಎಂದಿದ್ದೀರಿ. ಓದಲು ಚೆನ್ನಾಗಿದೆ. ಆದರೆ ಕಥೆಯನ್ನು ಕೆಡಿಸಿದ್ದೇ ಈ ಹೋಲಿಕೆ. ಟಾರ್ಚ್ ಬಿಟ್ಟರೆ ಗೋಡೆಗೆ ಏನೂ ಆಗುವುದಿಲ್ಲ. ಎಲೆಕ್ಟ್ರಾನ್ ಹೊಡೆದರೆ ಪ್ರೋಟೀನಿನ ಬಂಧಗಳು ಮುರಿಯುತ್ತವೆ. ಚೆನ್ನಾಗಿ ಕಾಣಲಿ ಅಂತ ಜಾಸ್ತಿ ಎಲೆಕ್ಟ್ರಾನ್ ಬಿಟ್ಟರೆ, ನೋಡಬೇಕಾದದ್ದೇ ಹಾಳಾಗುತ್ತದೆ. ಕಡಿಮೆ ಬಿಟ್ಟರೆ ಚಿತ್ರದಲ್ಲಿ ಬರೀ ಚುಕ್ಕೆಗಳ ಗದ್ದಲ. ಇದರ ಮೇಲೆ ಮೈಕ್ರೋಸ್ಕೋಪಿನ ಒಳಗೆ ನಿರ್ವಾತ. ಪ್ರೋಟೀನಿನ ಸುತ್ತಲಿನ ನೀರು ಆವಿಯಾಗಿ, ಅದು ಒಣಗಿ ಮುದುಡುತ್ತದೆ. ಈ ಇಕ್ಕಟ್ಟು ಗೊತ್ತಿಲ್ಲದ ಓದುಗರಿಗೆ ಹೆಂಡರ್ಸನ್ ಗೆದ್ದದ್ದು ಏನನ್ನು ಅಂತ ಹೇಗೆ ಗೊತ್ತಾಗಬೇಕು?

ಪೊರೆಯ ಪ್ರೋಟೀನು ಯಾಕೆ ಕಷ್ಟ ಅನ್ನುವುದೂ ಬಿಟ್ಟುಹೋಗಿದೆ. ಪೊರೆ ಎಂದರೆ ಕೊಬ್ಬಿನ ಎರಡು ಪದರ. ದಪ್ಪ ಸುಮಾರು 5 ನ್ಯಾನೋಮೀಟರ್. ಅದರೊಳಗೆ ಹುದುಗಿದ ಪ್ರೋಟೀನಿನ ಮೈ ಕೊಬ್ಬಿಗೆ ಒಗ್ಗಿರುತ್ತದೆ, ಅದಕ್ಕೆ ನೀರು ಆಗಿಬರುವುದಿಲ್ಲ. ಹೊರಗೆ ತೆಗೆಯಬೇಕಾದರೆ ಸೋಪಿನಂಥ ವಸ್ತು ಹಾಕಬೇಕು. ಹಾಕಿದರೆ ಎಷ್ಟೋ ಸಲ ಆಕಾರವೇ ಕೆಡುತ್ತದೆ, ಹರಳಿನ ಮೂಲಕ ಎಕ್ಸ್-ರೇ ಹಾಯಿಸಿ ಆಕಾರ ತಿಳಿಯುವ ವಿಧಾನಕ್ಕೆ ಬೇಕಾದ ಹರಳು ಕಟ್ಟುವುದಿಲ್ಲ. ಹೆಂಡರ್ಸನ್ ಮೊದಲು ಕಲಿತದ್ದು ಎಕ್ಸ್-ರೇ ವಿಧಾನವನ್ನೇ. ಅದನ್ನು ಬಿಟ್ಟು ಬಂದರು ಎಂದು ಬರೆದಿದ್ದೀರಿ, ಯಾಕೆ ಬಂದರು ಎಂದು ಹೇಳಿಲ್ಲ.

ಈಗ ನನಗೆ ತುಂಬಾ ಹಿಡಿಸಿದ ಸಾಲು. ಐದನೇ ಪುಟದ ಕೊನೆಯಲ್ಲಿದೆ: ‘ಉಪ್ಪುನೀರಿನಲ್ಲಿ ಬದುಕುವ ಆ ಸೂಕ್ಷ್ಮಜೀವಿಯ ಪೊರೆ ನೇರಳೆ ಬಣ್ಣದ್ದು.’ ಹೊಗಳಿಕೆ ಇಲ್ಲ, ಅಬ್ಬರ ಇಲ್ಲ, ಕಣ್ಣಿಗೆ ಕಟ್ಟುತ್ತದೆ. ಲೇಖನವನ್ನು ಇಲ್ಲಿಂದಲೇ ಶುರು ಮಾಡಿ.

ಆ ನೇರಳೆ ಬಣ್ಣ ಬ್ಯಾಕ್ಟೀರಿಯೋರೊಡಾಪ್ಸಿನ್ ಎಂಬ ಪ್ರೋಟೀನಿನದು. ಬೆಳಕು ಬಿದ್ದಾಗ ಪ್ರೋಟಾನುಗಳನ್ನು ಕೋಶದಿಂದ ಹೊರಗೆ ದೂಡುವ ಪಂಪು ಅದು. ಅದರ ಒಂದು ಗುಣ ಹೆಂಡರ್ಸನ್‌ಗೆ ವರವಾಯಿತು. ಪೊರೆಯಲ್ಲಿ ಅದು ತಾನಾಗಿಯೇ ಒತ್ತೊತ್ತಾಗಿ, ಒಂದೇ ಅಂತರದಲ್ಲಿ, ಅಚ್ಚುಕಟ್ಟಾಗಿ ಜೋಡಿಸಿಕೊಂಡಿರುತ್ತದೆ. ಹಾಗಾದರೆ ಹೊರಗೆ ತೆಗೆಯುವುದೇ ಬೇಡ, ಪೊರೆಯ ಸಮೇತ ನೋಡೋಣ ಎಂದು ಕೇಂಬ್ರಿಜ್‌ನ ಪ್ರಯೋಗಾಲಯದಲ್ಲಿ ಅವರೂ ನೈಜೆಲ್ ಅನ್ವಿನ್ ಅವರೂ ಹೊರಟರು. ಒಣಗದಿರಲು ಪೊರೆಗೆ ಗ್ಲೂಕೋಸ್ ದ್ರಾವಣ ಹಚ್ಚಿದರು. ಸಾವಿರಾರು ಪ್ರೋಟೀನುಗಳು ಒಂದೇ ಭಂಗಿಯಲ್ಲಿ ನಿಂತಿರುವಾಗ, ಒಂದೊಂದರ ಮೇಲೂ ತೀರಾ ಕಡಿಮೆ ಎಲೆಕ್ಟ್ರಾನ್ ಬಿದ್ದರೆ ಸಾಕು. ಒಂದನ್ನೇ ನೋಡಿದರೆ ಏನೂ ಕಾಣದು. ಆದರೆ ಎಲ್ಲವನ್ನೂ ಲೆಕ್ಕದಲ್ಲಿ ಒಂದರ ಮೇಲೊಂದು ಕೂಡಿಸಿದರೆ, ಚುಕ್ಕೆಗಳ ಗದ್ದಲ ದಿಕ್ಕಾಪಾಲಾಗಿರುವುದರಿಂದ ತಾನೇ ತಗ್ಗುತ್ತದೆ. ಪ್ರೋಟೀನಿನ ಗುರುತು ಮಾತ್ರ ಗಟ್ಟಿಯಾಗುತ್ತಾ ಹೋಗುತ್ತದೆ. ಹನಿಗೂಡಿದರೆ ಹಳ್ಳ ಅನ್ನುತ್ತೇವಲ್ಲ, ಹಾಗೆ. ಪೊರೆಯನ್ನು ಬೇರೆ ಬೇರೆ ಕೋನದಲ್ಲಿ ಓರೆ ಮಾಡಿ ಮತ್ತೆ ಮತ್ತೆ ಚಿತ್ರ ತೆಗೆದು, ಎಲ್ಲವನ್ನೂ ಸೇರಿಸಿ ಮೂರು ಆಯಾಮದ ನಕ್ಷೆ ಕಟ್ಟಿದರು. ಪೊರೆಯ ಈ ಬದಿಯಿಂದ ಆ ಬದಿಗೆ ಹಾದುಹೋಗುವ ಏಳು ಕೋಲುಗಳು, ಅಂದರೆ ಪ್ರೋಟೀನಿನ ಸರಪಳಿ ಸುರುಳಿ ಸುತ್ತಿಕೊಂಡ ಭಾಗಗಳು, ಅದರಲ್ಲಿ ಕಂಡವು. ಪೊರೆಯ ಪ್ರೋಟೀನೊಂದರ ಒಳಗಿನ ರಚನೆ ಹೀಗೆ ಕಂಡದ್ದು ಅದೇ ಮೊದಲು.

ನೀವು ಇದಕ್ಕೆ ಕೊಟ್ಟಿರುವುದು ಮೂರು ಸಾಲು. ಎರಡು ಪುಟ ಕೊಡಿ, ದಯವಿಟ್ಟು.

1975ರ ನಕ್ಷೆಯ ಸ್ಪಷ್ಟತೆ 7 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಅಂದರೆ ನ್ಯಾನೋಮೀಟರಿನ ಹತ್ತನೇ ಒಂದು ಭಾಗ; ಈ ಸಂಖ್ಯೆ ಚಿಕ್ಕದಾದಷ್ಟೂ ನಕ್ಷೆ ಸ್ಪಷ್ಟ. 7ರಲ್ಲಿ ಕೋಲುಗಳು ಕಾಣುತ್ತವೆ, ಪರಮಾಣುಗಳ ಜೋಡಣೆ ಕಾಣುವುದಿಲ್ಲ. 1990ರ ಹೊತ್ತಿಗೆ ಅದು 3.5ಕ್ಕೆ ಇಳಿಯಿತು. ಅದಕ್ಕಾಗಿ ಹೆಂಡರ್ಸನ್ ಒಳ್ಳೆಯ ಮೈಕ್ರೋಸ್ಕೋಪ್ ಹುಡುಕಿಕೊಂಡು ದೇಶ ದೇಶ ಸುತ್ತಿದರು. ಪೊರೆಯನ್ನು ತೀರಾ ತಣ್ಣಗಿಟ್ಟರೆ ಎಲೆಕ್ಟ್ರಾನ್ ಪೆಟ್ಟನ್ನು ಅದು ಜಾಸ್ತಿ ತಾಳುತ್ತದೆ ಅನ್ನುವುದೂ ನೆರವಿಗೆ ಬಂತು.

ತಿದ್ದಲೇಬೇಕಾದ ತಪ್ಪುಗಳೂ ಇವೆ. ‘ಪ್ರೋಟೀನಿನ ಫೋಟೋ ತೆಗೆದರು’ ಎಂದು ಬರೆಯಬೇಡಿ. ಮೇಲೆ ಹೇಳಿದಂತೆ ಅದು ಎಷ್ಟೋ ಮಸುಕು ಚಿತ್ರಗಳಿಂದ ಕಟ್ಟಿದ ನಕ್ಷೆ. ಡುಬೊಶೆ ‘ಮಂಜುಗಡ್ಡೆಯಲ್ಲಿ ಇಟ್ಟರು’ ಎಂಬುದೂ ಸರಿಯಲ್ಲ. ಮಂಜುಗಡ್ಡೆಯ ಹರಳು ಎಲೆಕ್ಟ್ರಾನುಗಳನ್ನು ಚೆದುರಿಸಿ ಚಿತ್ರ ಕೆಡಿಸುತ್ತದೆ. ಪ್ರೋಟೀನಿರುವ ನೀರಿನ ತೆಳು ಪದರವನ್ನು ತೀರಾ ತಣ್ಣನೆಯ ದ್ರವ ಈಥೇನಿಗೆ ಅದ್ದಿ, ಹರಳು ಕಟ್ಟಲು ಸಮಯವನ್ನೇ ಕೊಡದೆ ಗಾಜಿನಂತೆ ಗಟ್ಟಿ ಮಾಡಿದ್ದು ಅವರ ಸಾಧನೆ. ‘1990ರ ನಂತರ ಎಲ್ಲ ಪೊರೆ ಪ್ರೋಟೀನುಗಳೂ ಸುಲಭವಾಗಿ ಕಂಡವು’ ಎಂಬ ಸಾಲನ್ನಂತೂ ಹೊಡೆದು ಹಾಕಿ. ತಾನಾಗಿ ಸಾಲುಗಟ್ಟುವ ಪ್ರೋಟೀನುಗಳು ತುಂಬಾ ಕಡಿಮೆ. ಬಿಡಿ ಬಿಡಿಯಾಗಿ, ಅಡ್ಡಾದಿಡ್ಡಿ ಬಿದ್ದಿರುವ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ವಿಂಗಡಿಸಿ ಕೂಡಿಸುವ ಫ್ರಾಂಕ್ ಅವರ ವಿಧಾನ ಬೇಕಾಯಿತು. ಎಲೆಕ್ಟ್ರಾನುಗಳನ್ನು ನೇರವಾಗಿ ಹಿಡಿಯುವ ಹೊಸ ಕ್ಯಾಮೆರಾಗಳೂ ಬರಬೇಕಾಯಿತು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಿಫಾನ್ ಚೆಂಗ್ ಮತ್ತು ಡೇವಿಡ್ ಜೂಲಿಯಸ್ ತಂಡಗಳು ಟಿಆರ್‌ಪಿವಿ1 ಎಂಬ ಪೊರೆ ಪ್ರೋಟೀನನ್ನು ಹರಳೇ ಇಲ್ಲದೆ 3.4 ಆಂಗ್‌ಸ್ಟ್ರಾಮ್‌ನಲ್ಲಿ ಕಂಡವು. ಬಿಸಿಯನ್ನೂ ಮೆಣಸಿನಕಾಯಿಯ ಖಾರವನ್ನೂ ನರಗಳಿಗೆ ತಿಳಿಸುವ ಪ್ರೋಟೀನು ಅದು. ಒಂದು ಪ್ಯಾರಾ ಅದಕ್ಕೂ ಇರಲಿ.

ಭಾಷೆಯ ಬಗ್ಗೆ ಒಂದೇ ಮಾತು. ‘ಜೀವಕೋಶ ಪಟಲಸ್ಥಿತ ಸಸಾರಜನಕ’ ಎಂದು ಹನ್ನೊಂದು ಕಡೆ ಬರೆದಿದ್ದೀರಿ. ‘ಪೊರೆಯ ಪ್ರೋಟೀನು’ ಸಾಕು.

ಪ್ರಶಸ್ತಿಗೆ ಒಂದು ಸಾಲು ಕೊಡಿ, ಎಲ್ಲಿ ಬಂದರೂ ಸರಿ. ಒಟ್ಟು 1,200 ಪದ ಮೀರದಿರಲಿ. ಇನ್ನೊಂದು ಕೆಲಸ: ಆ ಏಳು ಕೋಲುಗಳನ್ನು ಮೊದಲು ಕಾಗದದ ಮೇಲೆ ನೀವೇ ಕೈಯಾರೆ ಬಿಡಿಸಿ. ಪೊರೆಯ ಎರಡು ಗೆರೆ ಎಳೆದು, ಅದರ ಮಧ್ಯೆ ಒಂದೊಂದೇ ಕೋಲು ನಿಲ್ಲಿಸಿ. ಆಮೇಲೆ ಆ ಪ್ಯಾರಾ ಬರೆಯಿರಿ. ಚಿತ್ರ ಸೊಟ್ಟಗಿದ್ದರೂ ಪರವಾಗಿಲ್ಲ, ಲೇಖನದ ಜೊತೆಗೆ ಅದನ್ನೂ ಕಳಿಸಿ.