ಆ ನೋವನ್ನು ಅವರಿಗೆ ಹೇಳಿದ್ದೀರಾ?

ಪ್ರಶ್ನೆ: ನನಗೆ 52 ವರ್ಷ, ಯಜಮಾನರಿಗೆ 57. ಅವರಿಗೆ ಶುಗರ್ ಇದೆ. ನನಗೆ ಮುಟ್ಟು ನಿಂತು ಮೂರು ವರ್ಷವಾಯಿತು. ಈಚೆಗೆ ಸೇರುವಾಗ ಬ್ಲೇಡಿನಲ್ಲಿ ಗೀರಿದ ಹಾಗೆ ಉರಿ. ಹೇಳಲು ನಾಚಿಕೆಯಾಗಿ, ಕಥೆ ಹೇಳುವ ನೆಪದಲ್ಲಿ ಮೊಮ್ಮಗಳ ಪಕ್ಕದಲ್ಲೇ ಮಲಗುತ್ತಿದ್ದೇನೆ. ಅವರು ಏನೂ ಕೇಳುವುದಿಲ್ಲ, ಮಾತೂ ಕಡಿಮೆಯಾಗಿದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಅಂತ ಅಕ್ಕ ಬೈದಳು. ನನಗಂತೂ ಬೇಕು ಅನಿಸುತ್ತದೆ. ತಪ್ಪೇ?
— ಹೆಸರು ಬೇಡ, ತಿಪಟೂರು

ಉತ್ತರ: ಖಂಡಿತ ತಪ್ಪಲ್ಲಮ್ಮ. ಮುಟ್ಟು ನಿಂತರೆ ಆಸೆಯೂ ನಿಲ್ಲಬೇಕು ಅಂತ ಎಲ್ಲಿದೆ?

ನೀವು ಬರೆದಿರುವುದನ್ನು ನೋಡಿದರೆ ಇದು ಯೋನಿ ಒಣಗುವ ತೊಂದರೆ ಇರಬೇಕು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಇಳಿಯುತ್ತದೆ. ಒಳಚರ್ಮ ತೆಳ್ಳಗಾಗುತ್ತದೆ, ಪಸೆ ಕಡಿಮೆಯಾಗುತ್ತದೆ. ಮೈ ಬಿಸಿಯಾಗಿ ಬೆವರುವುದು ಎಷ್ಟೋ ಜನರಿಗೆ ಕೆಲವು ವರ್ಷದಲ್ಲಿ ತಾನೇ ತಗ್ಗುತ್ತದೆ. ಇದು ಹಾಗಲ್ಲ, ಸುಮ್ನೆ ಬಿಟ್ಟರೆ ಜಾಸ್ತಿಯೇ ಆಗುತ್ತದೆ.

ಮೆಡಿಕಲ್ ಶಾಪಿನಲ್ಲಿ ವಾಟರ್ ಬೇಸ್ಡ್ ಲೂಬ್ರಿಕೆಂಟ್ ಜೆಲ್ ಅಂತ ಕೇಳಿ, ಅಂದರೆ ಪಸೆ ಕೊಡುವ ನೀರಿನಂಶದ ಜೆಲ್. ಡಾಕ್ಟರ ಚೀಟಿ ಬೇಕಿಲ್ಲ. ಬಾಯಿಬಿಟ್ಟು ಕೇಳಲು ಸಂಕೋಚವಾದರೆ ಕಾಗದದಲ್ಲಿ ಬರೆದು ಕೊಡಿ. ನನ್ನ ಹತ್ತಿರ ಬರುವ ಎಷ್ಟೋ ಹೆಂಗಸರು ಹಾಗೇ ತರುತ್ತಾರೆ. ಸೇರುವ ಮುಂಚೆ ಇಬ್ಬರೂ ಹಚ್ಚಿಕೊಳ್ಳಿ. ಆತುರ ಬೇಡ, ಈ ವಯಸ್ಸಿನಲ್ಲಿ ಮೈ ಹದವಾಗಲು ಹೊತ್ತು ಬೇಕು. ಅದು ಸಾಲದಿದ್ದರೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಸಾಮಾನ್ಯವಾಗಿ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಆದರೆ ಹೆಂಗಸರ ಡಾಕ್ಟರು ಪರೀಕ್ಷೆ ಮಾಡಿ ಬರೆದುಕೊಟ್ಟ ಮೇಲೇ. ಸ್ತನದ ಕ್ಯಾನ್ಸರ್ ಆಗಿದ್ದರೆ ಅವರಿಗೆ ಮೊದಲೇ ತಿಳಿಸಿ. ಮುಟ್ಟು ನಿಂತು ವರ್ಷಗಳಾದ ಮೇಲೆ ಒಂದು ಚುಕ್ಕೆ ರಕ್ತ ಕಂಡರೂ ತಕ್ಷಣ ತೋರಿಸಬೇಕು.

ನನಗೆ ಹೆಚ್ಚು ಬೇಜಾರಾಗಿದ್ದು ನಿಮ್ಮಿಬ್ಬರ ಮೌನ ನೋಡಿ. ನೀವು ನೋವಿಗೆ ಹೆದರಿ ದೂರ ಮಲಗಿದ್ದೀರಿ. ಇವಳಿಗೆ ನಾನು ಬೇಡವಾಗಿದ್ದೇನೆ ಅಂತ ಅವರು ಅಂದುಕೊಂಡಿರಬಹುದು, ಅಲ್ವಾ? ಶುಗರ್ ಇರುವ ಗಂಡಸರಿಗೆ ನಿಮಿರುವ ತೊಂದರೆಯೂ ಸಾಮಾನ್ಯ. ಅದನ್ನು ಅವರೂ ನುಂಗಿಕೊಂಡಿರಬಹುದು. ಹಾಗಿದ್ದರೆ ಯಾರೋ ಹೇಳಿದರು ಅಂತ ಮಾತ್ರೆ ತಂದು ನುಂಗುವುದು ಬೇಡ. ಎದೆನೋವಿಗೆ ಸಾರ್ಬಿಟ್ರೇಟ್ ತೆಗೆದುಕೊಳ್ಳುವವರು ನಿಮಿರಲೆಂದು ಕೊಡುವ ಸಿಲ್ಡೆನಾಫಿಲ್ ಮಾತ್ರೆ ನುಂಗಿದರೆ ಬಿ.ಪಿ. ಕುಸಿದು ಜೀವಕ್ಕೇ ಅಪಾಯ. ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೇ ಹೋಗಿ.

ಕೋಣೆಯಲ್ಲಿ ಹೇಳಲು ಕಷ್ಟವಾದರೆ ಸಂಜೆ ಜೊತೆಯಲ್ಲಿ ನಡೆಯುವಾಗ ಹೇಳಿ. ಮುಖ ನೋಡದೆ ಹೇಳುವುದು ಸುಲಭ. ‘ನಿಮ್ಮ ಮೇಲೆ ಕೋಪ ಇಲ್ಲ ರೀ, ನಂಗೆ ನೋವಾಗುತ್ತೆ’ ಅಂದರೆ ಸಾಕು. ಮೊಮ್ಮಗಳಿಗೆ ಕಥೆಯನ್ನೂ ಹೇಳಿ. ಅವಳು ನಿದ್ದೆ ಹೋದ ಮೇಲೆ ಎದ್ದು ನಿಮ್ಮ ಕೋಣೆಗೆ ಹೋಗಿ. ಮೊದಲ ರಾತ್ರಿ ಮತ್ತೇನೂ ಬೇಡ, ಕೈ ಹಿಡಿದುಕೊಂಡು ಮಲಗಿ.