ಇಲಿಗೆ ಆದದ್ದು ನನ್ನ ಕೂಸಿಗೂ ಆಗುತ್ತಾ?

ಪ್ರಶ್ನೆ: ಅಕ್ಕಾ, ನನಗೀಗ ಮೂರು ತಿಂಗಳು. ಬಸುರಿ ಅಂತ ಗೊತ್ತಾಗುವ ಮೊದಲು ಜೋರು ನೆಗಡಿಯಾಗಿತ್ತು. ಅತ್ತೆ ಬಿಸಿನೀರಿಗೆ ಎರಡು ಚಮಚ ಬ್ರಾಂದಿ ಹಾಕಿ ಕೊಟ್ಟರು, ಕುಡಿದೆ. ಬಸುರಿ ಇಲಿಗೆ ಮದ್ಯ ಕೊಟ್ಟರೆ ಮರಿಗಳ ಮುಖ ಸರಿಯಾಗಿ ಬೆಳೆಯುವುದಿಲ್ಲ ಅಂತ ಮೊನ್ನೆ ಮೊಬೈಲಿನಲ್ಲಿ ಓದಿದಾಗಿನಿಂದ ನಿದ್ದೆಯಿಲ್ಲ. ‘ಇಲಿ ಬೇರೆ, ಮನುಷ್ಯರು ಬೇರೆ’ ಅನ್ನುತ್ತಾರೆ ಮನೆಯವರು. ಹೌದಾ?
– ಹೆಸರು ಬೇಡ, ಜಮಖಂಡಿ

ಉತ್ತರ: ತಂಗಿ, ಮೊದಲು ನಿದ್ದೆ ಮಾಡು. ಎರಡು ಚಮಚ ಬ್ರಾಂದಿಯಲ್ಲಿ ಆಲ್ಕೋಹಾಲ್ ಇರುವುದು ಸುಮಾರು 4 ಮಿ.ಲೀ. ಆ ಇಲಿಗಳಿಗೆ ಕೊಟ್ಟಿದ್ದು ಈ ಲೆಕ್ಕದ್ದಲ್ಲ, ಅವುಗಳ ಮೈತೂಕಕ್ಕೆ ಅದು ಕಂಠಮಟ್ಟ ಕುಡಿದ ಹಾಗೆ. ಆದರೆ ‘ಇಲಿ ಬೇರೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಯಾಕೆ ಅಂದರೆ, ಕುಡಿಯುವ ತಾಯಂದಿರ ಮಕ್ಕಳಲ್ಲಿ ಕಾಣುವ ಈ ತೊಂದರೆಗೆ ಅಮೆರಿಕದ ಸಿಯಾಟಲ್‌ನ ವೈದ್ಯರು ಹೆಸರಿಟ್ಟಿದ್ದೇ 1973ರಲ್ಲಿ. ಆಗಲೂ ಬಹಳ ಜನ ನಂಬಲಿಲ್ಲ. ಆ ತಾಯಂದಿರು ಸರಿಯಾಗಿ ಉಂಡಿರಲಿಲ್ಲ, ಸಿಗರೇಟು ಸೇದುತ್ತಿದ್ದರು, ತಪ್ಪು ಮದ್ಯದ್ದೇ ಅಂತ ಹೇಗೆ ಹೇಳುತ್ತೀರಿ ಅಂದರು. ಬಸುರಿ ಹೆಂಗಸಿಗೆ ಕುಡಿಸಿ ಪರೀಕ್ಷೆ ಮಾಡೋಕೆ ಆಗಲ್ಲ, ಅಲ್ವಾ? ಅದಕ್ಕೇ ಇಲಿ. 1981ರಲ್ಲಿ ಕ್ಯಾಥ್ಲೀನ್ ಸುಲಿಕ್ ಮತ್ತು ಜೊತೆಗಾರರು ಬಸುರಿ ಇಲಿಗಳಿಗೆ 7ನೇ ದಿನ ಮಾತ್ರ ಆಲ್ಕೋಹಾಲ್ ಕೊಟ್ಟರು. ಮರಿಗಳಲ್ಲಿ ಕಣ್ಣು ಸಣ್ಣ, ಮೂಗಿಗೂ ಮೇಲ್ತುಟಿಗೂ ನಡುವೆ ಇರಬೇಕಾದ ತಗ್ಗು ಇಲ್ಲ, ಥೇಟ್ ಆ ಮಕ್ಕಳ ಮುಖದ ಲಕ್ಷಣಗಳೇ. ಇಲಿಯ 7ನೇ ದಿನ ಅಂದರೆ ನಮ್ಮಲ್ಲಿ ಗರ್ಭ ಕಟ್ಟಿದ ಮೂರನೇ ವಾರ. ಮುಟ್ಟು ತಪ್ಪಿತಾ ಅಂತ ಆಗಷ್ಟೇ ಅನುಮಾನ ಬರುವ ಹೊತ್ತು! ನನಗೆ ಭಯ ಹುಟ್ಟಿಸುವುದು ಇದೇ.

ಕೋಳಿಮೊಟ್ಟೆಯಲ್ಲೂ ನೋಡಿದ್ದಾರೆ. ಅಲ್ಲಿ ತಾಯಿಯ ಊಟ, ಸಿಗರೇಟು ಯಾವ ವಾದವೂ ನಡೆಯುವುದಿಲ್ಲ. ಮುಂದೆ ಮುಖದ ಎಲುಬು ಆಗಬೇಕಾದ ಜೀವಕೋಶಗಳೇ ಆಲ್ಕೋಹಾಲ್ ತಾಗಿದರೆ ಸಾಯುತ್ತವೆ.

ಮೂರು ತಿಂಗಳು ದಾಟಿತು, ಇನ್ನು ಪರವಾಗಿಲ್ಲ ಅಂದುಕೊಳ್ಳಬೇಡ. ಹುಟ್ಟಿದ ಹೊಸದರಲ್ಲಿ ಇಲಿಮರಿಯ ಮಿದುಳು ನಮ್ಮ ಕೂಸಿನ ಕೊನೆಯ ತಿಂಗಳುಗಳ ಮಿದುಳಿನ ಹಂತದಲ್ಲಿರುತ್ತದೆ. ಆಗ ಆಲ್ಕೋಹಾಲ್ ಕೊಟ್ಟರೆ ಮಿದುಳಿನ ಕೋಶಗಳು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತವೆ ಅಂತ 2000ದಲ್ಲಿ ತೋರಿಸಿದರು. ಅಂದರೆ ಮುಖ ಚೆಂದವಾಗಿದ್ದೂ ಮಿದುಳಿಗೆ ಪೆಟ್ಟು ಬಿದ್ದಿರಬಹುದು. ಇನ್ನೊಂದು, ಅಷ್ಟೇ ಮದ್ಯವನ್ನು ದಿನವಿಡೀ ಹಂಚಿ ಕೊಡುವುದಕ್ಕಿಂತ ಸ್ವಲ್ಪ ಹೊತ್ತಿನಲ್ಲೇ ಕೊಟ್ಟರೆ ಹಾನಿ ಜಾಸ್ತಿ. ಒಂದು ತಳಿಯ ಇಲಿ ತಡೆದುಕೊಂಡದ್ದನ್ನು ಇನ್ನೊಂದು ತಳಿ ತಡೆಯುವುದಿಲ್ಲ. ಹಾಗಾಗಿ ‘ಇಷ್ಟು ಕುಡಿದರೆ ಏನೂ ಆಗಲ್ಲ’ ಅಂತ ಅಳತೆ ಕೊಡಲು ಯಾವ ಡಾಕ್ಟರಿಗೂ ಆಗುವುದಿಲ್ಲ.

ನೀನು ಮಾಡಬೇಕಾದ್ದು ಇಷ್ಟೇ. ಇನ್ನು ಒಂದು ಹನಿಯೂ ಬೇಡ. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ ನಾಚಿಕೊಳ್ಳದೆ ಡಾಕ್ಟರಿಗೆ ಹೇಳು. 18ರಿಂದ 20ನೇ ವಾರದ ಸ್ಕ್ಯಾನ್ ತಪ್ಪಿಸಬೇಡ. ಅತ್ತೆಯ ಜೊತೆ ಜಗಳ ಬೇಡ, ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಆದರೆ ಹೆರಿಗೆಯಾದ ಮೇಲೆ ‘ಬಾಣಂತಿಗೆ ಬೆಚ್ಚಗಿರಲಿ’ ಅಂತ ಮತ್ತೆ ಬ್ರಾಂದಿ ಬಾಟಲಿ ಹೊರಬರುತ್ತದೆ ನೋಡು, ಅದಕ್ಕೆ ಈಗಲೇ ಬೇಡ ಅಂದುಬಿಡು. ತಾಯಿಯ ರಕ್ತದಲ್ಲಿರುವ ಆಲ್ಕೋಹಾಲ್ ಎದೆಹಾಲಿಗೂ ಹೋಗುತ್ತದೆ.

ಪ್ರಶ್ನೆ: ಕುಡಿಯುವವನು ನಾನು, ಹೆಂಡತಿ ಮುಟ್ಟುವುದೂ ಇಲ್ಲ. ನಮಗೇನು ತೊಂದರೆ?
– ಒಬ್ಬ ಓದುಗ, ಇಂಡಿ

ಉತ್ತರ: ಇಷ್ಟು ದಿನ ಎಲ್ಲರೂ ಹೆಂಗಸರನ್ನೇ ಕೇಳುತ್ತಿದ್ದರು, ನೀವು ಕೇಳಿದ್ದು ಒಳ್ಳೆಯದಾಯಿತು. ಟೆಕ್ಸಾಸ್‌ನಲ್ಲಿ ಗಂಡು ಇಲಿಗಳಿಗೆ ಮಾತ್ರ ಆಲ್ಕೋಹಾಲ್ ಕೊಟ್ಟು, ಆಮೇಲೆ ಕುಡಿಯದ ಹೆಣ್ಣಿನ ಜೊತೆ ಬಿಟ್ಟರು. ಮರಿಗಳ ಮುಖದ ಬೆಳವಣಿಗೆಯಲ್ಲಿ ವ್ಯತ್ಯಾಸ ಕಂಡಿತು. ವೀರ್ಯ ತಯಾರಾಗಲು ಎರಡರಿಂದ ಮೂರು ತಿಂಗಳು ಬೇಕು. ಮಗು ಬೇಕು ಅಂತಿದ್ದರೆ ಅದಕ್ಕೂ ಮೊದಲೇ ಬಿಡಿ.

ಪ್ರಶ್ನೆ: ವೈನ್ ದ್ರಾಕ್ಷಿಯದ್ದೇ ತಾನೇ? ಬಸುರಿಗೆ ರಕ್ತ ಹೆಚ್ಚಾಗುತ್ತದಂತೆ.
– ದ್ರಾಕ್ಷಿ ಬೆಳೆಗಾರ, ತಿಕೋಟಾ

ಉತ್ತರ: ನಿಮ್ಮ ತೋಟದ ದ್ರಾಕ್ಷಿ ಕೊಡಿ, ಒಣದ್ರಾಕ್ಷಿ ಕೊಡಿ. ವೈನ್ ಬೇಡ. ಅದರಲ್ಲಿರುವುದೂ ಬ್ರಾಂದಿಯಲ್ಲಿರುವ ಆಲ್ಕೋಹಾಲೇ. ರಕ್ತ ಕಡಿಮೆಯಿದ್ದರೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ಇದೆಯಲ್ಲ, ಅದನ್ನು ಬಿಡದೆ ನುಂಗಲಿ.